‘ರಿ’ ಇಲ್ಲದ ಏಳು

ಮದುವೆಯಾಗಿ ಬಂದ ಈ ಇಪ್ಪತ್ತೆರಡು ವರ್ಷಗಳಲ್ಲಿ ನಾನು ನನ್ನ ಅತ್ತೆಯನ್ನು ಒಂದು ಸಲವೂ ಏಕವಚನದಲ್ಲಿ ಮಾತಾಡಿಸಿದವಳಲ್ಲ. ಸಿಟ್ಟು ಬಂದಾಗಲೂ ಇಲ್ಲ. ಸಿಟ್ಟು ಬಂದರೆ ನಾನು ಮಾತು ಬಿಡುತ್ತೇನೆ, ‘ರಿ’ ಬಿಡುವುದಿಲ್ಲ. ಹಾಗಿದ್ದೂ ಹೋದ ಬೇಸಿಗೆಯಲ್ಲಿ ನಮ್ಮ ಶಹಾಪುರದ ಮನೆಗೆ ಯಾರು ಬಂದರೂ ಅತ್ತೆ ಅವರನ್ನು ಹತ್ತಿರ ಕರೆದು, ದನಿ ಇಳಿಸಿ ಹೇಳುತ್ತಿದ್ದರು: “ಸೊಸಿ ಈಗ ದೊಡ್ಡಾಕಿ ಆಗ್ಯಾಳ. ನನಗ ‘ರಿ’ ಹಚ್ಚಂಗಿಲ್ಲ.”

ಬಂದವರು ಚಹಾದ ಕಪ್ಪು ಕೈಯಲ್ಲಿ ಹಿಡಿದು ನನ್ನ ಕಡೆ ನೋಡುತ್ತಿದ್ದರು. ಕೆಲವರು ಕಣ್ಣಲ್ಲೇ ‘ಇರಲಿ ಬಿಡು, ಅವರಿಗೆ ತಿಳಿಯುವುದಿಲ್ಲ’ ಅನ್ನುತ್ತಿದ್ದರು. ಕೆಲವರು ಹಾಗೆ ಅನ್ನುತ್ತಿರಲಿಲ್ಲ.

ಅತ್ತೆಗೆ ಮರೆಗುಳಿ ರೋಗ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದರೆ, ನೀವೂ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುವವರಾಗಿದ್ದರೆ, ಇದು ನಿಮಗಾಗಿ. ಔಷಧದ ವಿಷಯ ಬರೆಯಲು ನನಗೆ ಬಾರದು. ಅದನ್ನು ಡಾಕ್ಟರು ಹೇಳುತ್ತಾರೆ. ನಾನು ಬರೆಯುವುದು ಒಂದು ಕುರ್ಚಿಯ ವಿಷಯ, ಆ ಕುರ್ಚಿಯಲ್ಲಿ ಕುಳಿತು ಅತ್ತೆ ಮಾಡಿದ ವ್ಯಾಯಾಮದ ವಿಷಯ, ಮತ್ತೆ ನಾನು ಮಾಡಿದ ಒಂದು ತಪ್ಪಿನ ವಿಷಯ.

ನಮ್ಮದು ಕಾಳುಕಡಿಯ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮಾವನವರು ತೀರಿಹೋದ ಮೇಲೆ ನಮ್ಮ ಮನೆಯವರು ದೊಡ್ಡವರಾಗುವ ತನಕ ಅಂಗಡಿಯಲ್ಲಿ ಕುಳಿತು ಜೋಳ, ತೊಗರಿ ಅಳೆದವರು ಅತ್ತೆಯೇ. ಹೆಸರು ಸಂಗಮ್ಮ. ಒಂದು ತೊಗರಿಕಾಳು ಹಲ್ಲಿಗೆ ಹಾಕಿ ಕಡಿದು, ಎಷ್ಟು ಹಸಿ ಇದೆ ಎಂದು ಹೇಳುತ್ತಿದ್ದರು. ಅಳೆಯುವಾಗ ತುಟಿ ಮಾತ್ರ ಅಲ್ಲಾಡುತ್ತಿತ್ತು, ದನಿ ಹೊರಗೆ ಬರುತ್ತಿರಲಿಲ್ಲ. ನಡುವೆ ಯಾರಾದರೂ ಮಾತಾಡಿಸಿದರೆ ಒಂದು ನೋಟ ನೋಡುತ್ತಿದ್ದರು, ಅಷ್ಟೆ.

ಅಂಥವರು ಒಂದು ದಿನ ಗಿರಣಿಗೆಂದು ಡಬ್ಬಿಯಲ್ಲಿ ಜೋಳ ಅಳೆದು ಇಟ್ಟರು. ಸ್ವಲ್ಪ ಹೊತ್ತಿಗೆ ಅದನ್ನು ಚೀಲಕ್ಕೆ ಸುರಿದು ಮತ್ತೆ ಅಳೆದರು. ಸಂಜೆಯೊಳಗೆ ನಾಲ್ಕು ಸಲ. ನಾಲ್ಕನೆಯ ಸಲ ಅಳೆದಾಗ ಸೇರು ಅವರ ಕೈಯಲ್ಲೇ ನಿಂತಿತು. ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಇದು ಯಾರ ಮನಿದವಾ?” ಎಂದರು. ಕೈ ಹಿಡಿದ ಜಾಗದಲ್ಲಿ ಆ ಸೇರಿನ ಹಿತ್ತಾಳೆ ಸವೆದು ತೆಳ್ಳಗಾಗಿದೆ. ಸವೆಸಿದ್ದು ಅವರದೇ ಹೆಬ್ಬೆರಳು.

ಊರವರು ಅರಳುಮರಳು ಎಂದರು. ಆದರೂ ತೋರಿಸಿಕೊಂಡು ಬರೋಣ ಎಂದು ಯಾದಗಿರಿಗೆ ಹೋದೆವು. ದವಾಖಾನೆಯ ಬೆಂಚಿನ ಮೇಲೆ ಮೂರು ತಾಸು. ನಮ್ಮ ಎದುರಿಗೆ ಕುಳಿತ ಯಜಮಾನರೊಬ್ಬರು ಒಂದೇ ಚಪ್ಪಲಿಯನ್ನು ಬಿಡುವುದು, ಮೆಟ್ಟುವುದು, ಮತ್ತೆ ಬಿಡುವುದು ಮಾಡುತ್ತಿದ್ದರು. ಪಕ್ಕದಲ್ಲಿದ್ದ ಅವರ ಹೆಂಡತಿ ನನ್ನನ್ನು ನೋಡಿ ನಕ್ಕು, ತಾವು ತಿನ್ನುತ್ತಿದ್ದ ಪೇರಲ ಹಣ್ಣಿನಲ್ಲಿ ಅರ್ಧ ಮುರಿದು ಕೊಟ್ಟರು. ಆ ಮೂರು ತಾಸಿನ ಉಳಿದದ್ದೆಲ್ಲ ನನಗೆ ಮಸುಕಾಗಿದೆ, ಆ ಹಣ್ಣಿನ ರುಚಿ ಮಾತ್ರ ಇನ್ನೂ ನಾಲಿಗೆಯಲ್ಲಿದೆ.

ಡಾಕ್ಟರು ಕೇಳಿದರು: “ಅಮ್ಮಾರ, ಇದು ಯಾವ ವರ್ಷ ಹೇಳ್ರಿ?”

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. “ಇಷ್ಟ ಓದೀರಿ, ನಿಮಗ ಗೊತ್ತಿಲ್ಲೇನ್ರಿ?”

ಡಾಕ್ಟರು ನಕ್ಕರು, ನಾವೂ ನಕ್ಕೆವು. ಆಮೇಲೆ ಅವರು ಚೀಟಿ ಬರೆಯುತ್ತ ತಲೆ ಎತ್ತದೆ ಹೇಳಿದರು: “ಇದು ಪೂರ್ತಿ ವಾಸಿ ಆಗೋ ಬ್ಯಾನಿ ಅಲ್ರಿ. ಆದ್ರ ಈಗ ಏನ ಶಕ್ತಿ ಅದ, ಅದನ್ನ ಉಳಿಸ್ಕೋಬಹುದು.” ನಮ್ಮ ಮನೆಯವರು ತಮ್ಮ ಟೋಪಿಯನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅವರು ದೇವರ ಮುಂದೆಯೂ ಟೋಪಿ ತೆಗೆಯುವವರಲ್ಲ.

ಉಳಿಸಿಕೊಳ್ಳುವುದು ಹೇಗೆ ಎಂದು ಹೇಳಿಕೊಟ್ಟವರು ಪಕ್ಕದ ಕೋಣೆಯ ವ್ಯಾಯಾಮದ ಮೇಡಂ. ಹಾಸನದ ಕಡೆಯ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರ ‘ಕೂತ್ಕೊಳಿ’ ಕೇಳಿ ಅತ್ತೆಗೆ ಭಾರಿ ಮೋಜು. ನನ್ನ ಕಡೆ ವಾಲಿ, “ಪಾಪ, ನಾಲಿಗಿ ತಿರುಗವಲ್ದು” ಎಂದರು. ಮೇಡಂ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಹಿಮ್ಮಡಿ ಎತ್ತಿಸಿದರು, ಒಂದೊಂದೇ ಮೊಣಕಾಲು ನೀಡಿಸಿದರು, ಕೈಗಳನ್ನು ಮೇಲೆತ್ತಿಸಿದರು. ಕೊನೆಗೆ ಎದ್ದು ನಿಲ್ಲಲು ಹೇಳಿದರು. ಅತ್ತೆ ಕುರ್ಚಿಯ ಕೈ ಒತ್ತಿ ತಾವೇ ಎದ್ದರು.

“ನೋಡಿ,” ಎಂದರು ಮೇಡಂ. “ಇವರು ಈಗ ಕುರ್ಚಿಯಿಂದ ತಾವೇ ಏಳ್ತಾರೆ. ಇದೊಂದನ್ನ ಕಳ್ಕೋಬೇಡಿ. ಇದು ಹೋದ್ರೆ ಬಚ್ಚಲಿಗೆ ಇಬ್ಬರು ಹಿಡೀಬೇಕು. ಆಮೇಲೆ ಹಾಸಿಗೆನೇ. ದಿನಾ ಕುರ್ಚಿಲಿ ಕೂತು ಮಾಡಿಸಿ. ಕುರ್ಚಿಗೆ ಎರಡು ಕೈ ಇರ್ಲಿ, ಬೆನ್ನು ಗೋಡೆಗೆ ತಾಗಿರ್ಲಿ. ನೀವು ಎಣಿಸ್ತಾ ಹೋಗಿ, ಪ್ರತಿಯೊಂದೂ ಹತ್ತು ಸಲ.”

ಹತ್ತರವರೆಗೆ ಎಣಿಸುವುದೇನು ದೊಡ್ಡ ಕೆಲಸ? ನಾನು ಕಾನ್ವೆಂಟ್ ಸಿಸ್ಟರುಗಳ ಶಾಲೆಯಲ್ಲಿ ಓದಿದವಳು. ಬಿಳಿ ನಿಲುವಂಗಿಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಸೀಟಿ ಊದಿ ಡ್ರಿಲ್ ಮಾಡಿಸುತ್ತಿದ್ದ ಸಿಸ್ಟರನ್ನು ನೆನೆದು ಮರುದಿನ ಬೆಳಿಗ್ಗೆ ಶುರು ಮಾಡಿದೆ. ಪಡಸಾಲೆಯ ಗೋಡೆಗೆ ಕುರ್ಚಿ ತಾಗಿಸಿ, ಎದುರಿಗೆ ನಾನೂ ಒಂದು ಸ್ಟೂಲು ಹಾಕಿಕೊಂಡು, “ಒನ್, ಟೂ, ತ್ರೀ.” ಅತ್ತೆ ದನಿ ಬಂದ್ ಮಾಡಿದ ಟಿವಿ ನೋಡಿದಂತೆ ನನ್ನನ್ನು ನೋಡುತ್ತ ಕುಳಿತರು. ನಾಲ್ಕು ದಿನ ಹಾಗೇ ಹೋಯಿತು.

ನಮ್ಮ ಮನೆಯವರು ಅಂಗಡಿಗೆ ಹೊರಟವರು ನಿಂತು ನೋಡಿ ಹೇಳಿದರು: “ಅವ್ವಗ ನಿನ್ನ ಇಂಗ್ಲಿಷ್ ಎಲ್ಲಿ ತಿಳೀತದ? ಕನ್ನಡದಾಗ ಎಣಸು. ಜೀವಮಾನೆಲ್ಲಾ ಎಣಿಸ್ಯಾಳ ಆಕಿ.”

ಅವರ ಮಾತು ಖರೆ ಇತ್ತು. ‘ಒಂದು’ ಎನ್ನುತ್ತಲೇ ಅತ್ತೆಯ ಮುಖ ತಿರುಗಿತು. ‘ಎರಡು’ ಎನ್ನುವಾಗ ಹಿಮ್ಮಡಿ ಎದ್ದಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಮುಂದಿನದು ಸರಿಯಾಗಿ ಕಣ್ಣಿಗೆ ಬೀಳಲೇ ಇಲ್ಲ. ಪ್ರತಿ ಸಲ ಮುಕ್ಕಾಲು ಎಣಿಕೆ ಮುಗಿಯುವ ಹೊತ್ತಿಗೆ ಅತ್ತೆ ಕುರ್ಚಿಯ ಕೈ ಒತ್ತಿ ಮೇಲೇಳಲು ನೋಡುತ್ತಿದ್ದರು. ಬೇಸರ ಬಂದಿರಬೇಕು ಎಂದು ನಾನು ಭುಜ ಹಿಡಿದು, “ಕುಂಡ್ರಿ ಅತ್ತಿ, ಇನ್ನೂ ಮೂರು ಅದಾವ” ಎನ್ನುತ್ತಿದ್ದೆ. ಅವರು ಗೊಂದಲದಿಂದ ನೋಡಿ ಕೂರುತ್ತಿದ್ದರು. ಮತ್ತೆ ಎಣಿಸುತ್ತಿದ್ದೆ, ಮತ್ತೆ ಏಳುತ್ತಿದ್ದರು.

ಒಂದು ಬೆಳಿಗ್ಗೆ ಕರೆಂಟು ಹೋಗಿತ್ತು. ಸೆಕೆ ಎಂದು ಕುರ್ಚಿಯನ್ನು ಗೋಡೆಯಿಂದ ಎಳೆದು, ಗಾಳಿ ಬರುವ ಬಾಗಿಲ ಬಳಿ ಹಾಕಿದೆ. ನೆಲ ನುಣ್ಣಗಿನ ಪರಸಿ ಕಲ್ಲಿನದು, ಕುರ್ಚಿ ಪ್ಲಾಸ್ಟಿಕ್‌ನದು. ನಾನು ಎಣಿಸುತ್ತಿದ್ದೆ. ಅತ್ತೆ ಎದ್ದರು. ನಾನು ಕೈ ಚಾಚುವುದರೊಳಗೆ ಕುರ್ಚಿ ಹಿಂದಕ್ಕೆ ಜಾರಿತು.

ಎಲುಬು ಮುರಿದಿರಲಿಲ್ಲ. ಹಣೆಯ ಮೇಲೆ ಲಿಂಬೆಕಾಯಿಯಷ್ಟು ಬಾವು, ಎಡಗೈ ಮಣಿಕಟ್ಟಿಗೆ ಪಟ್ಟಿ. ದವಾಖಾನೆಯಿಂದ ಬಂದು ಮಂಚದ ಮೇಲೆ ಮಲಗಿದ ಅತ್ತೆ ನನ್ನನ್ನೇ ನೋಡುತ್ತ ಹೇಳಿದರು: “ನಾ ಏನ ನಿನ್ನ ಆಳೇನ?” ನನಗೆ ಅರ್ಥವಾಗಲಿಲ್ಲ. ಅಂದಿನಿಂದ ಶುರುವಾದದ್ದು ಆ ‘ರಿ’ಯ ದೂರು.

ಮರುದಿನ ಸುರಪುರದಿಂದ ನಾದಿನಿ ಶಾಂತಾ ಬಂದಳು. ತಾಯಿಯ ಹಣೆ ನೋಡಿ ಒಂದು ಸಲ ಅತ್ತಳು, ಆಮೇಲೆ ಸೆರಗು ಸಿಕ್ಕಿಸಿ ನಿಂತಳು.

“ವೈನಿ, ಕಸರತ್ತು ಸಾಕು. ಈ ವಯಸ್ಸಿನಾಗ ಆಕಿ ಏನ ಕುಸ್ತಿ ಆಡಬೇಕಾಗೇದೇನ?”

“ಡಾಕ್ಟರು ಹೇಳ್ಯಾರ ಶಾಂತಾ. ಮಾಡಿಸ್ಲಿಲ್ಲಂದ್ರ—”

“ಡಾಕ್ಟರು ಹೇಳ್ತಾರ, ಬಿದ್ದಾಗ ಎತ್ತಾಕ ಬರ್ತಾರೇನ್ರಿ? ನಮ್ಮ ಓಣ್ಯಾಗ ಒಬ್ಬಾಕಿ ಮುದುಕಿ ಹಿಂಗ ಬಿದ್ದು ಟೊಂಕ ಮುರ್ಕೊಂಡು ಮ್ಯಾಲೇ ಏಳಲಿಲ್ಲ. ಖುರ್ಚ್ಯಾಗ ಕುಂಡ್ರಸ್ರಿ, ಒಂದು ಸೀರಿ ಕಟ್ಟಿಬಿಡ್ರಿ. ನೀವೂ ಬೇಫಿಕರ್, ಆಕಿನೂ ಬೇಫಿಕರ್.”

ನಮ್ಮ ಮನೆಯವರು ಅಂಗಡಿಗೆ ಎದ್ದು ಹೋದರು. ಬೇಡ ಎನ್ನುವ ಧೈರ್ಯ ನನಗೂ ಇರಲಿಲ್ಲ, ಬೀಳಿಸಿದವಳು ನಾನೇ ತಾನೆ. ನನ್ನದೇ ಒಂದು ಹಳೆಯ ನೂಲಿನ ಸೀರೆಯನ್ನು ಮಡಚಿ, ಅತ್ತೆಯ ಸೊಂಟದಿಂದ ಕುರ್ಚಿಯ ಬೆನ್ನಿಗೆ ಸುತ್ತಿ ಶಾಂತಾ ಕಟ್ಟಿದಳು. ಒರಟಾಗಿ ಅಲ್ಲ. ಮಗುವಿಗೆ ಕುಲಾಯಿ ಕಟ್ಟಿದಂತೆ, ಗಂಟು ಚುಚ್ಚದ ಹಾಗೆ ಕಟ್ಟಿದಳು. ಅತ್ತೆ ಕೆಳಗೆ ನೋಡಿ, “ಸೀರಿ ಚೊಲೋ ಅದ” ಎಂದರು.

ಹನ್ನೊಂದು ದಿನ ಹಾಗೆ ಕಟ್ಟಿದ್ದೆವು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಆದರೆ ಮುಚ್ಚಿಟ್ಟರೆ ಇದನ್ನು ಬರೆದು ಪ್ರಯೋಜನವಿಲ್ಲ. ಎಷ್ಟೋ ಒಳ್ಳೆಯ ಮನೆಗಳಲ್ಲಿ ಪ್ರೀತಿಯಿಂದಲೇ ಹೀಗೆ ಕಟ್ಟುತ್ತಾರೆಂದು ನನಗೆ ಗೊತ್ತು. ಮೂರನೆಯ ದಿನಕ್ಕೆ ಅತ್ತೆಯ ಪಾದ ಬಾತುಕೊಂಡಿತು. ವಾರ ಕಳೆಯುವುದರೊಳಗೆ ಬಚ್ಚಲಿಗೆ ಒಯ್ಯಲು ನಾನು ಒಂದು ಕಡೆ, ಮನೆಯವರು ಒಂದು ಕಡೆ ಹಿಡಿಯಬೇಕಾಯಿತು. ಎತ್ತಿ ನಿಲ್ಲಿಸಿದರೆ ಮೊಣಕಾಲು ನಡುಗುತ್ತಿತ್ತು. ಕುರ್ಚಿಯಿಂದ ತಾವೇ ಏಳುವುದೊಂದನ್ನು ಕಳೆದುಕೊಳ್ಳಬೇಡಿ ಎಂದು ಮೇಡಂ ಹೇಳಿದ್ದರಲ್ಲ, ಅದು ನಮ್ಮ ಕಣ್ಣೆದುರಿಗೇ, ನಮ್ಮ ಕೈಯಾರೆ ಹೋಗುತ್ತಿತ್ತು.

ಬಂದವರಿಗೆಲ್ಲ ಅತ್ತೆ ಹೇಳುವುದು ಮಾತ್ರ ಅದೇ: ಸೊಸೆ ‘ರಿ’ ಹಚ್ಚುವುದಿಲ್ಲ. ಒಂದು ಸಂಜೆ ಊಟಕ್ಕೆ ಕುಳಿತಾಗ ಮನೆಯವರು ತಟ್ಟೆ ನೋಡುತ್ತ ಮೆಲ್ಲಗೆ ಕೇಳಿದರು: “ಬ್ಯಾಸರಾಗಿ ಯಾವಾಗರೆ ಒಂದು ಮಾತು ಅಂದಿಯೇನ ಅವ್ವಗ? ಅಂದಿದ್ರ ಅಂದೀನಿ ಅನ್ನು. ನಾ ಸಿಟ್ಟಾಗಂಗಿಲ್ಲ.”

ನಾನು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದೆ.

ಹನ್ನೆರಡನೆಯ ದಿನ ಬೆಳಿಗ್ಗೆ ಗಿರಣಿಗೆ ಕಳಿಸಲು ಜೋಳ ಅಳೆಯಬೇಕಿತ್ತು. ಮೊದಲೆಲ್ಲ ಅದು ಅತ್ತೆಯ ಕೆಲಸ. ಅವರ ಕುರ್ಚಿಯ ಎದುರಿಗೇ ನೆಲದ ಮೇಲೆ ಚೀಲ ಬಿಚ್ಚಿ ಕುಳಿತೆ. ನನಗೆ ಮನಸ್ಸಿನಲ್ಲಿ ಎಣಿಸಿದರೆ ತಪ್ಪುತ್ತದೆ, ಬಾಯಿಬಿಟ್ಟೇ ಎಣಿಸಬೇಕು. ಸೇರು ತುಂಬಿ ಡಬ್ಬಿಗೆ ಸುರಿಯುತ್ತ ಹೋದೆ. “ನಾಕು… ಐದು… ಆರು… ಏಳು…”

ಕುರ್ಚಿ ಕಿರ್ ಎಂದಿತು.

ತಲೆ ಎತ್ತಿ ನೋಡಿದೆ. ಅತ್ತೆ ಎರಡೂ ಕೈಯಿಂದ ಕುರ್ಚಿ ಒತ್ತಿ ಮೇಲೇಳಲು ನೋಡುತ್ತಿದ್ದರು. ಸೀರೆ ಹೊಟ್ಟೆಗೆ ಬಿಗಿದಿತ್ತು. ಮುಖ ಕೆಂಪಾಗಿತ್ತು.

“ತಡೀವಾ,” ಎಂದರು ಏದುಸಿರು ಬಿಡುತ್ತ. “ಏಳಾಕತ್ತೇನಿ. ಯಾರೋ ಕಟ್ಟ್ಯಾರ ನನಗ.” ಆಮೇಲೆ ನೊಂದ ದನಿಯಲ್ಲಿ, “ಏಳು ಏಳು ಅಂತಿ. ಏಳ್ರಿ ಅನ್ನಾಕ ಏನ ಧಾಡಿ ನಿನಗ?”

ಸೇರು ನನ್ನ ಕೈಯಲ್ಲೇ ಉಳಿಯಿತು.

ಏಳು. ಆರು ಆದ ಮೇಲೆ ಬರುವ ಏಳು. ನಾನು ಲೆಕ್ಕ ಹೇಳುತ್ತಿದ್ದೆ, ಅತ್ತೆಗೆ ಅದು ಅಪ್ಪಣೆಯಾಗಿ ಕೇಳುತ್ತಿತ್ತು. ದಿನಕ್ಕೆ ಎಷ್ಟೋ ಸಲ, ಅತ್ತೆಯ ಎದುರಿಗೆ ಕುಳಿತು, ಮುಖದಲ್ಲಿ ಮುಖವಿಟ್ಟು, ಸೊಸೆಯಾದವಳು ಅವರಿಗೆ “ಏಳು” ಎನ್ನುತ್ತಿದ್ದೆ. ಹೇಳಿದಂತೆ ಎದ್ದರೆ ಭುಜ ಹಿಡಿದು ಕೂರಿಸುತ್ತಿದ್ದೆ. ಅವರಿಗೆ ಏನೂ ತಿಳಿಯುವುದಿಲ್ಲ ಎಂದು ನಾವೆಲ್ಲ ಅಂದುಕೊಂಡಿದ್ದ ದಿನಗಳಲ್ಲಿ ಅವರು ನನ್ನ ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಿ, ಅವಮಾನವೆನಿಸಿದರೂ ಪಾಲಿಸುತ್ತಿದ್ದರು.

ಎಳೆತಕ್ಕೆ ಬಿಗಿದಿದ್ದ ಗಂಟನ್ನು ಬೆರಳಿನಿಂದ ಬಿಚ್ಚಲು ಬರಲಿಲ್ಲ. ಹಲ್ಲಿನಿಂದ ಎಳೆದು ಬಿಚ್ಚಿದೆ. ಕಾಲಬಳಿ ಕುಳಿತು, “ತಪ್ಪಾತ್ರಿ ಅತ್ತಿ” ಎಂದೆ. ಅವರು ನನ್ನ ಅಳುವನ್ನು ಗಮನಿಸಲಿಲ್ಲ. ಅವರ ಕಣ್ಣು ಸೇರಿನ ಮೇಲಿತ್ತು.

“ಅಳೆಯಾಕೂ ಬರಂಗಿಲ್ಲ,” ಎಂದರು. “ತಾ ಇಲ್ಲಿ.”

ಚೀಲವನ್ನು ಅವರ ಕಾಲ ಹತ್ತಿರ ಎಳೆದುಕೊಟ್ಟೆ. ಅವರಿಗೆ ಬಗ್ಗಲಾಗಲಿಲ್ಲ, ಅದಕ್ಕೆ ನಾನು ತುಂಬಿಕೊಟ್ಟೆ. ಅವರು ಅಂಗೈಯಿಂದ ಮೇಲೆ ಸವರಿ ಸುರಿದರು. ಅವರು ಬಾಯಿಬಿಟ್ಟು ಎಣಿಸಿದ್ದು ಮೊದಲ ಸಲ ನನಗೆ ಕೇಳಿಸಿತು: “ಲಾಭ… ಎರಡು… ಮೂರು… ನಾಕು… ಐದು… ಆರು… ಆರ ಮ್ಯಾಲೊಂದು… ಎಂಟು…”

ಮಧ್ಯಾಹ್ನ ಮನೆಯವರು ಊಟಕ್ಕೆ ಬಂದಾಗ ಎಲ್ಲ ಹೇಳಿದೆ. ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವುದು ಎಲ್ಲ ಅಂಗಡಿಗಳಲ್ಲೂ ಉಂಟು. ಆರರ ಮೇಲೊಂದು ಮಾತ್ರ ಅತ್ತೆಯ ತವರಿನದು. ಅವರ ತವರು ಗುರುಮಠಕಲ್ ಕಡೆ, ಅರ್ಧ ತೆಲುಗು. “ತೆಲುಗಿನಾಗ ಏಳಕ್ಕ ಏಡು ಅಂತಾರ,” ಎಂದರು ಮನೆಯವರು. “ಏಡು ಅಂದ್ರ ಅಳು ಅಂತನೂ ಆಗ್ತದ. ಕಾಳಿನ ಮುಂದ ಅಳು ಅನಬಾರದಂತ ಅವರು ಆ ಮಾತೇ ಆಡಂಗಿಲ್ಲ.” ಆಮೇಲೆ ಕುರ್ಚಿಯ ಮೇಲಿದ್ದ ಸೀರೆಯನ್ನು ತೆಗೆದು, ಮಡಿಕೆ ಹಾಕಿ, ನನ್ನ ಕೈಗೆ ಕೊಟ್ಟು ಹೇಳಿದರು: “ನಾ ಹಂಗ ಕೇಳಬಾರದಾಗಿತ್ತು ನಿನಗ.”

ಯಾದಗಿರಿಯ ಮೇಡಂಗೆ ಫೋನು ಮಾಡಿದೆ. ಅವರು ಮೊದಲು ನಕ್ಕರು, ಆಮೇಲೆ ಗಂಭೀರವಾದರು. “ಇಷ್ಟು ಜನಕ್ಕೆ ಹೇಳ್ಕೊಟ್ಟಿದೀನಿ, ಇದು ಹೊಳೆದೇ ಇರ್ಲಿಲ್ಲ ನೋಡಿ. ಕಟ್ಟೋದು ಮಾತ್ರ ಬೇಡ. ಮೊದಲಿಂದ ಶುರು ಮಾಡೋಣ. ನಿಧಾನ ಆಗುತ್ತೆ, ಆದ್ರೆ ಆಗುತ್ತೆ.”

ಮನೆಯವರು ಅಂಗಡಿಯಲ್ಲಿದ್ದ ಭಾರದ ಸಾಗವಾನಿ ಕುರ್ಚಿಯನ್ನು ತಂದು ಗೋಡೆಗೆ ಒತ್ತಿ ಇಟ್ಟರು. ನಾನು ಸಿಸ್ಟರಿನ ಸೀಟಿಯನ್ನು ಮನಸ್ಸಿನಿಂದ ತೆಗೆದುಹಾಕಿದೆ. ಕೈ ಎತ್ತಿ ಎಂದರೆ ಅತ್ತೆಗೆ ಯಾಕೆ ಎತ್ತಬೇಕೋ ತಿಳಿಯುವುದಿಲ್ಲ. “ಬಾವ್ಯಾಗ ನೀರು ಸೇದೋಣ್ರಿ” ಎಂದರೆ ಎರಡೂ ಕೈ ಒಂದರ ಮೇಲೊಂದು ಬರುತ್ತವೆ, ಬೆನ್ನು ನೆಟ್ಟಗಾಗುತ್ತದೆ. ಖಾಲಿ ಮೊರ ಕೊಟ್ಟರೆ ಕುಳಿತಲ್ಲೇ ಕೇರುತ್ತಾರೆ, ಹೊಟ್ಟು ಹಾರಿಸಲು ಊದುತ್ತಾರೆ. ಹಿಮ್ಮಡಿ ಎತ್ತಿಸುವುದಕ್ಕೆ ಬಹಳ ದಿನ ದಾರಿ ಸಿಗಲಿಲ್ಲ. ಒಂದು ದಿನ ಕಾಲಕೆಳಗೆ ಇರುವೆ ಇದೆ ಎಂದೆ. ಎತ್ತಿದರು. ಸುಳ್ಳು ಹೇಳಿದ್ದಕ್ಕೆ ಶಾಲೆಯ ಸಿಸ್ಟರು ಕ್ಷಮಿಸಲಿ.

ಎಣಿಕೆ ಅತ್ತೆಯದೇ. ಲಾಭದಿಂದ ಹತ್ತರವರೆಗೆ. ಅದೆಲ್ಲ ಮುಗಿದ ಮೇಲೆ, ಅವರ ಪಾದ ಹಿಂದಕ್ಕೆ ಸರಿಸಿ, ಎದುರಿಗೆ ನಿಂತು, ಸ್ಪಷ್ಟವಾಗಿ ಹೇಳುತ್ತಿದ್ದೆ: “ಈಗ ಏಳ್ರಿ, ಅತ್ತಿ.”

ಮೊದಲ ವಾರ ನನ್ನ ಎರಡೂ ಕೈ ಹಿಡಿದು ಎದ್ದರು. ಎರಡನೆಯ ವಾರ ಒಂದು ಕೈ. ಮೂರನೆಯ ವಾರ ಶಾಂತಾ ಸುರಪುರದಿಂದ ಬಂದವಳು ಬಾಗಿಲಲ್ಲೇ ನಿಂತಳು. ಅತ್ತೆ ಮೊರ ಹಿಡಿದು ಕೇರುತ್ತಿದ್ದರು, ಅದರಲ್ಲಿ ಒಂದು ಕಾಳೂ ಇರಲಿಲ್ಲ.

“ಇದೇನ್ ವೈನಿ, ಗಾಳಿ ಕೇರಾಕತ್ತೀರಿ?”

“ನೀನೂ ಕುಂಡ್ರು ಬಾ,” ಎಂದೆ. “ನಿನ್ನ ಮೊಣಕಾಲೂ ನೋಯ್ತಾವಲ್ಲ.”

ಅತ್ತೆ ಮಗಳ ಗುರುತು ಹಿಡಿಯಲಿಲ್ಲ. ಆದರೆ ಅವಳ ಮೈಯನ್ನು ಒಂದು ಸಲ ನೋಡಿ ನನಗೆ ಹೇಳಿದರು: “ಈ ದಪ್ಪನಾಕಿಗೂ ಒಂದು ಮರ ಕೊಡವಾ, ಕರಗಲಿ.” ಶಾಂತಾ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಆ ನೀರು ನಗುವಿನದಷ್ಟೇ ಅಲ್ಲ ಎಂದು ನನಗೆ ಗೊತ್ತಿತ್ತು. ಅವಳೂ ಒಂದು ಕುರ್ಚಿ ಎಳೆದುಕೊಂಡು ಕುಳಿತಳು. ಅವತ್ತು ಮೂವರೂ ಸೇರಿ ಬಾವಿಯಿಂದ ಹತ್ತು ಕೊಡ ನೀರು ಸೇದಿದೆವು.

ಎಲ್ಲ ದಿನಗಳೂ ಹೀಗಿರುವುದಿಲ್ಲ. ಕೆಲವು ಬೆಳಿಗ್ಗೆ ಅತ್ತೆ ಮೊರವನ್ನು ಎಸೆಯುತ್ತಾರೆ, ನನ್ನನ್ನು ಕಳ್ಳಿ ಎನ್ನುತ್ತಾರೆ. ಸೂರ್ಯ ಇಳಿಯುವ ಹೊತ್ತಿಗೆ ತವರಿಗೆ ಹೊರಟು ನಿಲ್ಲುತ್ತಾರೆ. ಅವರ ನೆನಪಿನಿಂದ ನನ್ನ ಹೆಸರು ಹೋಗಿ ಆರು ತಿಂಗಳಾಯಿತು. ಈಗ ನಾನು ಒಂದು ದಿನ ಪಾಠ ಹೇಳುವ ‘ಸಾಲಿ ಬಾಯಿ’, ಒಂದು ದಿನ ‘ಗಿರಣಿಯಾಕಿ’, ಇನ್ನೊಂದು ದಿನ ಏನೂ ಅಲ್ಲ. ರೋಗ ತನ್ನ ದಾರಿಯಲ್ಲಿ ತಾನು ನಡೆಯುತ್ತಿದೆ. ಆದರೆ ಬಚ್ಚಲಿಗೆ ಅತ್ತೆ ತಮ್ಮ ಕಾಲ ಮೇಲೆ ಹೋಗುತ್ತಾರೆ, ನಾನು ಪಕ್ಕದಲ್ಲಿ ನಡೆದರೆ ಸಾಕು. ಊಟಕ್ಕೆ ನಮ್ಮ ಜೊತೆ ಕೂರುತ್ತಾರೆ. ಒಂದು ಮನೆಗೆ ಇದು ಎಷ್ಟು ದೊಡ್ಡ ವಿಷಯವೆಂದು, ಇದನ್ನು ಕಳೆದುಕೊಂಡು ಮತ್ತೆ ಪಡೆದವರಿಗೇ ಗೊತ್ತು.

ಹೋದ ತಿಂಗಳು ತೋರಿಸಲು ಯಾದಗಿರಿಗೆ ಹೋಗಿದ್ದೆವು. ಸೋಮವಾರ, ಕಾಲಿಡಲು ಜಾಗವಿರಲಿಲ್ಲ. ಯಾರೋ ಪುಣ್ಯಾತ್ಮರು ಎದ್ದು ಅತ್ತೆಗೆ ಒಂದು ಕುರ್ಚಿ ಕೊಟ್ಟರು. ಮನೆಯವರು ಔಷಧದ ಸಾಲಿನಲ್ಲಿದ್ದರು. ನಾನು ಅತ್ತೆಯ ಪಕ್ಕ ಗೋಡೆಗೆ ಒರಗಿ ನಿಂತೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದವಳು. ಒಂದು ತಾಸು ಕಳೆದಿರಬೇಕು, ಕಾಲು ಬದಲಿಸಿ ಬದಲಿಸಿ ನಿಲ್ಲುತ್ತಿದ್ದೆ.

ಅತ್ತೆ ನನ್ನ ಕಾಲುಗಳನ್ನೇ ನೋಡುತ್ತಿದ್ದರು. ಆಮೇಲೆ ಪಾದ ಹಿಂದಕ್ಕೆ ಸರಿಸಿದರು, ಕುರ್ಚಿಯ ಕೈ ಒತ್ತಿದರು. ಯಾರೂ ಏನೂ ಹೇಳಿರಲಿಲ್ಲ. ತಾವಾಗಿಯೇ, ನಿಧಾನವಾಗಿ, ಪೂರ್ತಿ ಎದ್ದು ನಿಂತರು.

“ಯಾರ ಮಗಳವಾ ನೀ?” ಎಂದು ನನ್ನನ್ನು ಕೇಳಿದರು. “ಆಗಿಂದ ನಿಂತೇ ಇದ್ದಿ. ಕುಂಡ್ರು, ಜರಾ ದಣಿವಾರಿಸ್ಕೋ.”

“ನೀವು ಕುಂಡ್ರಿ ಅತ್ತಿ, ನನಗೇನೂ—”

“ಕುಂಡ್ರು ಅಂದೆ.”

ಅತ್ತೆ ನಿಂತಿರುವಾಗ ನಾನು ಎಂದೂ ಕುಳಿತವಳಲ್ಲ. ಅವತ್ತು ಕುಳಿತೆ. ಅವರು ನನ್ನ ಭುಜದ ಮೇಲೆ ಒಂದು ಕೈ ಇಟ್ಟುಕೊಂಡು, ನಮ್ಮ ನಂಬರು ಕೂಗುವ ತನಕ ಪಕ್ಕದಲ್ಲೇ ನಿಂತಿದ್ದರು.